ಪಟ್ಟಿಯಲ್ಲಿ ಉಳಿದ ಆ ಮೂರು: ಒಂದು ಮನೆಯ ವೈಫೈ ಪ್ರಕರಣ

ಅಕ್ಕ ಫೋನ್ ಮಾಡಿದ್ದು ಭಾನುವಾರ ಬೆಳಿಗ್ಗೆ. "ನಮ್ಮ ವೈಫೈಗೆ ಯಾರೋ ಕೈ ಹಾಕಿದಾರೆ ಕಣೋ. ನಿಮ್ಮ ಭಾವ ಮೂರು ದಿನದಿಂದ ಅದರ ಮುಂದೇನೇ ಕೂತಿದಾರೆ. ಒಂದ್ಸಲ ಬಂದು ನೋಡು" ಎಂದಳು.

ದೂರು ಮೂರಿದ್ದವು. ಸಂಜೆಯಾದರೆ ನೆಟ್ ಆಮೆ ನಡಿಗೆ. ತಿಂಗಳು ಮುಗಿಯುವ ಮೊದಲೇ ಡೇಟಾ ಖಾಲಿ. ಆಮೇಲೆ, ಮಗಳ ಲ್ಯಾಪ್‌ಟಾಪ್‌ನಲ್ಲಿ ಆಗಾಗ "ಈ ಸಂಪರ್ಕ ಖಾಸಗಿಯಾಗಿಲ್ಲ" ಅನ್ನುವ ಕೆಂಪು ಎಚ್ಚರಿಕೆ. ಈ ಮೂರನೆಯದನ್ನು ಅಕ್ಕ ಫೋನ್ ಇಡುವ ಹೊತ್ತಿಗೆ ನೆನಪಾಗಿ ಹೇಳಿದಳು. ನಾನೂ ಅಷ್ಟೇ ಹಗುರವಾಗಿ ಕೇಳಿಸಿಕೊಂಡೆ. ನನ್ನ ಮೊದಲ ತಪ್ಪು ಅಲ್ಲೇ ಆಯಿತು.

ಮನೆಯಲ್ಲಿ ಐದು ಜನ. ಅಕ್ಕ, ಭಾವ, ಮಗಳು, ಮಗ, ಭಾವನ ತಾಯಿ. ರೌಟರ್ ಕೆಳಗೆ ಹಾಲ್‌ನಲ್ಲಿ, ಟಿವಿ ಪಕ್ಕ. ಮಹಡಿಯಲ್ಲಿ ಎರಡು ಕೋಣೆ. ಒಂದರಲ್ಲಿ ಮಗ ಓದುತ್ತಾನೆ, ಇನ್ನೊಂದರಲ್ಲಿ ಹಳೆ ಸಾಮಾನು. ಹಿಂದೆ ಆ ಮಹಡಿಯನ್ನು ಬಾಡಿಗೆಗೆ ಕೊಟ್ಟಿದ್ದರು. ಇದನ್ನೂ ನಾನು ಆಗ ಮುಖ್ಯ ಅಂದುಕೊಳ್ಳಲಿಲ್ಲ.

ನಾನು ಹೋಗುವಷ್ಟರಲ್ಲಿ ಭಾವ ಎರಡು ಮದ್ದು ಮಾಡಿ ಮುಗಿಸಿದ್ದರು. ಮೊದಲನೆಯದು, ನೆಟ್‌ವರ್ಕ್ ಹೆಸರನ್ನು ಅಡಗಿಸುವುದು. ಎರಡನೆಯದು ಮ್ಯಾಕ್ ಫಿಲ್ಟರ್. ಅಂದರೆ ಮನೆಯ ಸಾಧನಗಳ ಹಾರ್ಡ್‌ವೇರ್ ವಿಳಾಸಗಳನ್ನು ರೌಟರ್‌ಗೆ ಕೊಟ್ಟು, ಇವರನ್ನು ಬಿಟ್ಟು ಬೇರೆ ಯಾರನ್ನೂ ಒಳಗೆ ಬಿಡಬೇಡ ಎನ್ನುವುದು. ಫಲಿತಾಂಶ ಏನಾಯಿತು ಅಂದರೆ, ಅಜ್ಜಿಯ ಟ್ಯಾಬ್ಲೆಟ್ ಹೊರಗೆ ಬಿತ್ತು. ಎರಡು ದಿನ ಅವರ ಧಾರಾವಾಹಿ ನಿಂತಿತು. ಮನೆಯಲ್ಲಿ ಗಲಾಟೆಯಾಗಿ ಫಿಲ್ಟರ್ ತೆಗೆದರು. ಹೆಸರು ಅಡಗಿಸಿದ್ದು ಮಾತ್ರ ಹಾಗೇ ಇತ್ತು.

"ಅಡಗಿಸಿದ ಮೇಲೂ ನನ್ನ ಫೋನ್‌ನಲ್ಲಿ ಹೆಸರು ಕಾಣ್ತಿದೆ ನೋಡು" ಅಂದರು ಭಾವ. "ಅವನೇ ವಾಪಸ್ ಆನ್ ಮಾಡ್ತಿದಾನೆ." ನಾನು ರೌಟರ್ ಪುಟ ತೆರೆದು ನೋಡಿದೆ. ಅಡಗಿಸುವ ಆಯ್ಕೆ ಆನ್ ಆಗಿಯೇ ಇತ್ತು. ಫೋನ್ ಹಳೆಯದನ್ನು ನೆನಪಿಟ್ಟು ತೋರಿಸುತ್ತಿರಬೇಕು ಎಂದೆ. ಅದು ನನ್ನ ಎರಡನೆಯ ತಪ್ಪು. ಅಷ್ಟು ದೊಡ್ಡ ಸುಳಿವು ಕಣ್ಣೆದುರೇ ಇತ್ತು.

ಅಂದಹಾಗೆ, ಹೆಸರು ಅಡಗಿಸುವುದರಲ್ಲಿ ನನಗೆ ನಂಬಿಕೆಯಿಲ್ಲ. ರೌಟರ್ ತನ್ನ ಹೆಸರನ್ನು ಕೂಗಿ ಹೇಳುವುದನ್ನು ನಿಲ್ಲಿಸುತ್ತದೆ, ಅಷ್ಟೇ. ಆಮೇಲೆ ಸೇರುವ ಪ್ರತಿ ಫೋನೂ ಆ ಹೆಸರನ್ನು ತಾನೇ ಗಾಳಿಯಲ್ಲಿ ಹೇಳಬೇಕಾಗುತ್ತದೆ, ಅದೂ ಮುಚ್ಚುಮರೆಯಿಲ್ಲದೆ. ಕೇಳಬೇಕು ಅಂತ ಕೂತವನಿಗೆ ಉಚಿತ ಸಾಫ್ಟ್‌ವೇರ್ ಸಾಕು. ಮನೆಯ ಫೋನ್‌ಗಳು ಹೊರಗೆ ಹೋದಾಗಲೂ "ನೀನು ಇಲ್ಲಿದೀಯಾ?" ಎಂದು ಆ ಹೆಸರನ್ನು ಕೇಳುತ್ತಾ ತಿರುಗುತ್ತವೆ. ಮ್ಯಾಕ್ ಫಿಲ್ಟರ್ ಕತೆಯೂ ಇದೇ. ಮ್ಯಾಕ್ ವಿಳಾಸ ಗೂಢಲಿಪಿಯಾಗದೆ ಹಾಗೇ ಹೋಗುತ್ತದೆ. ನೋಡಿ ನಕಲು ಮಾಡುವುದು ಒಂದು ನಿಮಿಷದ ಕೆಲಸ. ಕಷ್ಟವೆಲ್ಲ ಮನೆಯವರಿಗೇ.

ನಾನು ಪೆನ್ನು ಹಾಳೆ ಹಿಡಿದು ಕೂತೆ. "ವೈಫೈ ಬಳಸೋ ಸಾಮಾನು ಎಷ್ಟಿದೆ?" ಎಂದು ಕೇಳಿದರೆ ಭಾವ ಯೋಚಿಸದೆ "ಒಂಬತ್ತು" ಎಂದರು. ಮನೆ ಸುತ್ತಿ ಎಣಿಸಿದಾಗ 16 ಸಿಕ್ಕಿದವು. ಪ್ರಿಂಟರ್, ಬಾಗಿಲ ಕ್ಯಾಮೆರಾ, ಎರಡು ಬಲ್ಬು, ಮಗನ ಗೇಮ್ ಕನ್ಸೋಲ್, ಮಗಳ ಕೈಗಡಿಯಾರ. ಇವನ್ನೆಲ್ಲ ಯಾರೂ ಲೆಕ್ಕಕ್ಕೇ ಹಿಡಿದಿರಲಿಲ್ಲ. ರೌಟರ್‌ನ ಪಟ್ಟಿಯಲ್ಲಿ 20 ಇದ್ದವು.

ಒಂದೊಂದನ್ನೇ ಹೊಂದಿಸುತ್ತಾ ಹೋದೆ. ಮ್ಯಾಕ್ ವಿಳಾಸ 48 ಬಿಟ್ ಉದ್ದ. ಮೊದಲ ಅರ್ಧ ಸಾಮಾನ್ಯವಾಗಿ ಅದನ್ನು ತಯಾರಿಸಿದ ಕಂಪನಿಯ ಗುರುತು. ಆ ಗುರುತು ಹಿಡಿದು ಬಲ್ಬು ಯಾವುದು, ಕ್ಯಾಮೆರಾ ಯಾವುದು ಎಂದು ಹೇಳಬಹುದು. ಹೀಗೆ 15 ಹೊಂದಿದವು, ಐದು ಉಳಿದವು. ಅದರಲ್ಲಿ ಒಂದಕ್ಕೆ ಯಾವ ಕಂಪನಿಯ ಗುರುತೂ ಇರಲಿಲ್ಲ. ಇದೇ ಕಳ್ಳ ಇರಬೇಕು ಅಂತ ಬ್ಲಾಕ್ ಒತ್ತಿದೆ. ಒಳಗಿನಿಂದ ಅಕ್ಕನ ದನಿ ಬಂತು. "ಲೋ, ನನ್ನ ನೆಟ್ ಹೋಯ್ತು!"

ಗೊತ್ತಿದ್ದೂ ಎಡವಿದೆ. ಆಂಡ್ರಾಯ್ಡ್ 10 ಮತ್ತು 2020ರ ಐಓಎಸ್ 14ರಿಂದ ಈಚೆಗೆ ಫೋನ್‌ಗಳು ತಮ್ಮ ನಿಜವಾದ ಮ್ಯಾಕ್ ವಿಳಾಸ ಕೊಡುವುದಿಲ್ಲ. ಪ್ರತಿ ನೆಟ್‌ವರ್ಕ್‌ಗೂ ಒಂದೊಂದು ತೋರಿಕೆಯ ವಿಳಾಸ ಹುಟ್ಟಿಸಿಕೊಳ್ಳುತ್ತವೆ. ವಿಳಾಸದ ಎರಡನೆಯ ಅಕ್ಷರ 2, 6, ಎ ಅಥವಾ ಇ ಆಗಿದ್ದರೆ ಅದು ಹುಟ್ಟಿಸಿಕೊಂಡದ್ದು ಎಂದು ಅನುಮಾನಿಸಬಹುದು. ಅಂಗಡಿಯಲ್ಲಿ, ನಿಲ್ದಾಣದಲ್ಲಿ ಯಾರೂ ನಿಮ್ಮ ಬೆನ್ನು ಹತ್ತಬಾರದು ಎನ್ನುವ ಒಳ್ಳೆಯ ಉದ್ದೇಶದ್ದೇ. ಅಜ್ಜಿಯ ಟ್ಯಾಬ್ಲೆಟ್ ಹೊರಗೆ ಬಿದ್ದದ್ದೂ ಇದರಿಂದಲೇ. ಭಾವ ಅದರ ಬೆನ್ನಿನ ಮೇಲೆ ಅಚ್ಚಾಗಿದ್ದ ವಿಳಾಸ ಬರೆದುಕೊಂಡಿದ್ದರು, ಟ್ಯಾಬ್ಲೆಟ್ ಬೇರೆಯದನ್ನು ಹೇಳುತ್ತಿತ್ತು.

ಇನ್ನೊಂದು, ಟಿವಿಯದ್ದೇ. ಹಿಂದೊಮ್ಮೆ ಅದಕ್ಕೆ ಕೇಬಲ್ ಹಾಕಿ ನೋಡಿದ್ದರು. ವೈಫೈಗೆ ಒಂದು ವಿಳಾಸ, ಕೇಬಲ್‌ಗೆ ಇನ್ನೊಂದು. ಹಳೆಯದು ಪಟ್ಟಿಯಿಂದ ಹೋಗಿರಲಿಲ್ಲ. ಕೊನೆಗೆ ಮೂರು ಉಳಿದವು. ಮನೆಯಲ್ಲಿ ಯಾರಿಗೂ ಅವುಗಳ ಗುರುತಿಲ್ಲ.

ರಾತ್ರಿ ವೈಫೈ ಪಾಸ್‌ವರ್ಡ್ ಬದಲಿಸಿದೆ. ಹಳೆಯದು ಮಗನ ಹುಟ್ಟಿದ ದಿನಾಂಕ, ಎಂಟು ಅಂಕಿ. ಎಂಟು ಅಕ್ಷರ ಇರಲೇಬೇಕು ಎಂದು ರೌಟರ್ ಹಟ ಹಿಡಿದಾಗ ಎಲ್ಲರಿಗೂ ಹೊಳೆಯುವ ಉಪಾಯ ಅದು. ಇದರ ಲೆಕ್ಕ ಹೇಳಿದರೆ ಭಾವ ನಂಬಲಿಲ್ಲ. ಫೋನ್ ಸೇರುವ ಕ್ಷಣದಲ್ಲಿ ಫೋನ್ ಮತ್ತು ರೌಟರ್ ನಡುವೆ ನಾಲ್ಕು ಸಂದೇಶ ಓಡಾಡುತ್ತವೆ. ಹೊರಗೆ ಕೂತವನು ಅವನ್ನು ಒಮ್ಮೆ ಹಿಡಿದಿಟ್ಟುಕೊಂಡರೆ ಸಾಕು. ಆಮೇಲೆ ಮನೆ ಹತ್ತಿರ ಇರಬೇಕಾಗಿಲ್ಲ, ತನ್ನ ಕಂಪ್ಯೂಟರಿನಲ್ಲೇ ಊಹೆಗಳನ್ನು ಪರೀಕ್ಷಿಸುತ್ತಾ ಕೂರಬಹುದು. ಪ್ರತಿ ಊಹೆಗೂ 4096 ಸುತ್ತಿನ ಲೆಕ್ಕ ಮಾಡಬೇಕು ಎಂದು ನಿಯಮವೇ ಇದೆ, ನಿಧಾನವಾಗಲಿ ಅಂತಲೇ. ಆದರೂ ಒಂದು ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಸೆಕೆಂಡಿಗೆ ಲಕ್ಷಗಟ್ಟಲೆ ಊಹೆ ಮಾಡುತ್ತದೆ. ಎಂಟು ಅಂಕಿಗೆ ಒಟ್ಟು 10 ಕೋಟಿ ಸಾಧ್ಯತೆ, ಅದು ಕೆಲವು ನಿಮಿಷದ ಮಾತು. ಹುಟ್ಟಿದ ದಿನಾಂಕ ಎಂದು ಊಹಿಸಿಬಿಟ್ಟರೆ? 100 ವರ್ಷದ ಎಲ್ಲ ದಿನಾಂಕ ಸೇರಿಸಿದರೂ ಸುಮಾರು 36,500. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ.

ಹೊಸ ಪಾಸ್‌ವರ್ಡ್ ಹಾಕಿದ ಕೂಡಲೇ ಇಡೀ ಮನೆಯ ನೆಟ್ ನಿಂತಿತು. ಒಬ್ಬೊಬ್ಬರೇ ಫೋನ್ ಹಿಡಿದು ಬಂದರು. ಮಗ ಮಾತ್ರ ಬರಲಿಲ್ಲ. ಮೇಲಿಂದಲೇ "ನಂದು ಸರಿಯಾಗೇ ಇದೆ ಮಾಮ" ಎಂದ. ನಾನು ಸುಮ್ನೆ ತಲೆಯಾಡಿಸಿ ಮಲಗಲು ಹೋದೆ.

ಬೆಳಿಗ್ಗೆ ನೋಡಿದರೆ ಆ ಮೂರೂ ಪಟ್ಟಿಗೆ ವಾಪಸ್ ಬಂದಿದ್ದವು.

ಭಾವನ ಮುಖದಲ್ಲಿ ಭಯಕ್ಕಿಂತ ಗೆಲುವೇ ಜಾಸ್ತಿ ಇತ್ತು. "ನಾನು ಹೇಳ್ಲಿಲ್ವಾ, ಹ್ಯಾಕರ್ರೇ ಅಂತ." ಹೊಸ ಪಾಸ್‌ವರ್ಡ್ ರಾತ್ರಿಯಿಡೀ ಯಾರ ಬಾಯಿಗೂ ಬಿದ್ದಿರಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಒಂದು ಕ್ಷಣ ಬೆವರಿತು. ಆಮೇಲೆ ಪಟ್ಟಿಯನ್ನು ಸಾವಧಾನವಾಗಿ ಓದಿದೆ. ಪ್ರತಿ ಸಾಧನದ ಎದುರು ಅದು ಯಾವ ದಾರಿಯಲ್ಲಿ ಬಂದಿದೆ ಎಂದು ಒಂದು ಅಂಕಣ ಇರುತ್ತದೆ. ಮನೆಯ ಫೋನ್‌ಗಳ ಎದುರು ವೈರ್‌ಲೆಸ್ ಅಂತಿತ್ತು. ಆ ಮೂರರ ಎದುರು ಇದ್ದದ್ದು ಲ್ಯಾನ್, ಅಂದರೆ ಕೇಬಲ್ ದಾರಿ. ಮಗನ ಲ್ಯಾಪ್‌ಟಾಪ್ ಎದುರೂ ಲ್ಯಾನ್. ಅವನ ಲ್ಯಾಪ್‌ಟಾಪ್‌ಗೆ ಕೇಬಲ್ಲೇ ಇಲ್ಲ.

ರೌಟರ್ ಹಿಂದೆ ಕೈ ಹಾಕಿದೆ. ಟಿವಿ ಕಪಾಟಿನ ಹಿಂದಿನಿಂದ ಒಂದು ಬೂದು ಕೇಬಲ್ ಗೋಡೆಯ ಮೇಲೆ ಹತ್ತಿತ್ತು. ಅದನ್ನು ಹಿಡಿದು ಮೆಟ್ಟಿಲು ಹತ್ತಿದರೆ ಸಾಮಾನು ಕೋಣೆ, ಅಲ್ಲಿ ಹಳೆ ಅಲಮಾರಿಯ ತಲೆಯ ಮೇಲೆ ಧೂಳು ಮುಚ್ಚಿದ ಇನ್ನೊಂದು ರೌಟರ್. ಎರಡು ಹಸಿರು ದೀಪ ಮಿಣಮಿಣ ಎನ್ನುತ್ತಿದ್ದವು.

"ಅಯ್ಯೋ, ಇದು ಬಾಡಿಗೆಯವರಿಗೆ ಅಂತ ಹಾಕಿಸಿದ್ದು" ಎಂದಳು ಅಕ್ಕ. ಮೇಲೆ ಸಿಗ್ನಲ್ ಬರುತ್ತಿರಲಿಲ್ಲವಂತೆ. ಯಾರೋ ಬಂದು ಹಳೆ ರೌಟರ್ ಅನ್ನೇ ಆಕ್ಸೆಸ್ ಪಾಯಿಂಟ್ ಮಾಡಿ, ಅಂದರೆ ಕೇಬಲ್‌ನಲ್ಲಿ ಬಂದ ನೆಟ್ ಅನ್ನು ವೈಫೈಯಾಗಿ ಹರಡುವ ಪೆಟ್ಟಿಗೆ ಮಾಡಿ, ಅದಕ್ಕೂ ಅದೇ ಹೆಸರು, ಅದೇ ಪಾಸ್‌ವರ್ಡ್ ಕೊಟ್ಟು ಹೋಗಿದ್ದರು. ಮಾಡಿದ್ದು ಅಚ್ಚುಕಟ್ಟಾಗಿಯೇ ಇತ್ತು. ವಿಳಾಸ ಹಂಚುವ ಕೆಲಸವನ್ನು ಕೆಳಗಿನ ರೌಟರ್‌ಗೇ ಬಿಟ್ಟಿದ್ದರು. ಅದಕ್ಕೇ ಮೇಲೆ ಸೇರಿದವರೂ ಕೆಳಗಿನ ಪಟ್ಟಿಯಲ್ಲಿ ಕಾಣುತ್ತಿದ್ದರು, ಕೇಬಲ್ ಮೂಲಕ ಬಂದವರ ಹಾಗೆ. ಬಾಡಿಗೆಯವರು ಹೋದರು. ಪೆಟ್ಟಿಗೆ ಉಳಿಯಿತು. ನಾವು ಕೆಳಗೆ ಹೆಸರು ಅಡಗಿಸಿದರೂ ಅದು ಮೇಲಿಂದ ಕೂಗುತ್ತಿತ್ತು. ಕೆಳಗೆ ಪಾಸ್‌ವರ್ಡ್ ಬದಲಿಸಿದರೂ ಮೇಲೆ ಮಗನ ಹುಟ್ಟಿದ ದಿನವೇ ನಡೆಯುತ್ತಿತ್ತು.

ಮಗನ ಕೋಣೆಯಲ್ಲಿ ನೆಟ್ ಕುಂಟುವುದಕ್ಕೂ ಕಾರಣ ಸಿಕ್ಕಿತು. ಆ ಪೆಟ್ಟಿಗೆ ಡಬ್ಲ್ಯುಪಿಎ ಎಂಬ 2003ರ ಕಾಲದ ವೈಫೈ ಭದ್ರತಾ ವಿಧಾನದಲ್ಲಿತ್ತು, ಗೂಢಲಿಪಿ ಟಿಕೆಐಪಿ. ಈ ಟಿಕೆಐಪಿ ಹಚ್ಚಿದರೆ ವೈಫೈ ವೇಗ ಸೆಕೆಂಡಿಗೆ 54 ಮೆಗಾಬಿಟ್ ದಾಟುವುದಿಲ್ಲ, ನಿಯಮವೇ ಹಾಗೆ. ಕೈಗೆ ಸಿಗುವುದು ಅದರ ಅರ್ಧಕ್ಕೂ ಕಡಿಮೆ. ಮಗನ ಲ್ಯಾಪ್‌ಟಾಪ್ ಹತ್ತಿರದ ಗಟ್ಟಿ ಸಿಗ್ನಲ್ ಹಿಡಿದು ಈ ಎತ್ತಿನ ಗಾಡಿ ಹತ್ತಿ ಕೂತಿತ್ತು.

ಹಾಗಾದರೆ ಆ ಮೂವರು ಯಾರು? ಪತ್ತೆಗೆ ಸಾಫ್ಟ್‌ವೇರ್ ಬೇಕಾಗಲಿಲ್ಲ. ಮೇಲಿನ ಪೆಟ್ಟಿಗೆಯ ಪ್ಲಗ್ ಕಿತ್ತೆ, ಅರ್ಧ ಗಂಟೆಯಲ್ಲಿ ಪಕ್ಕದ ಮನೆಯ ಹುಡುಗ ಬಾಗಿಲಿಗೆ ಬಂದ. "ಆಂಟಿ, ನಿಮ್ಮನೇಲೂ ನೆಟ್ ಇಲ್ವಾ?"

ಅಕ್ಕ ಬಾಯಿ ತೆರೆಯುವ ಮೊದಲೇ ಅವನೇ ಹೇಳಿದ. ಹಿಂದೆ ಅವರ ಮನೆಯ ಲೈನ್ ಕೆಟ್ಟು ವಾರಗಟ್ಟಲೆ ನಿಂತಿದ್ದಾಗ, ಪರೀಕ್ಷೆ ಇದೆ ಪಾಪ ಎಂದು ಅಕ್ಕನೇ ಪಾಸ್‌ವರ್ಡ್ ಕೊಟ್ಟಿದ್ದಳು. ಲೈನ್ ಸರಿಯಾಯಿತು. ಫೋನ್ ಮಾತ್ರ ಮರೆಯಲಿಲ್ಲ. ಅವನ ಕೋಣೆ ನಮ್ಮ ಸಾಮಾನು ಕೋಣೆಗೆ ಗೋಡೆಯಾಚೆ. ಫೋನ್, ಟ್ಯಾಬ್ಲೆಟ್, ಟಿವಿಗೆ ಚುಚ್ಚುವ ಕಡ್ಡಿ, ಮೂರೂ ತಾವಾಗಿಯೇ ಇಲ್ಲಿಗೆ ಸೇರಿಕೊಳ್ಳುತ್ತಿದ್ದವು. ತಿಂಗಳ ಡೇಟಾ ತಿಂದದ್ದು ಆ ಟಿವಿ ಕಡ್ಡಿ. ಅಕ್ಕನ ಮುಖ ಕೆಂಪಾಯಿತು. ಭಾವ ಆ ದಿನ ಮತ್ತೆ ಹ್ಯಾಕರ್ ಎಂಬ ಮಾತೆತ್ತಲಿಲ್ಲ.

ಇಲ್ಲಿಗೆ ಮುಗಿಯಿತು ಎಂದು ಬ್ಯಾಗ್ ಹೆಗಲಿಗೆ ಹಾಕಿದ್ದೆ. ಅಷ್ಟರಲ್ಲಿ ಮಗಳು ಲ್ಯಾಪ್‌ಟಾಪ್ ತಂದಳು. "ಮಾಮ, ಇದು ಇನ್ನೂ ಬರ್ತಿದೆ." ಅದೇ ಕೆಂಪು ಎಚ್ಚರಿಕೆ.

ಪಕ್ಕದ ಮನೆಯ ಹುಡುಗನಿಗೂ ಇದಕ್ಕೂ ಸಂಬಂಧವಿರಲು ಸಾಧ್ಯವಿಲ್ಲ. ರೌಟರ್ ಪುಟ ಮತ್ತೆ ತೆರೆದೆ. ಆಗ ಒಂದು ಸಂಗತಿ ತಟ್ಟಿತು. ಎರಡು ದಿನದಿಂದ ನಾನು ಒಳಗೆ ಹೋಗುತ್ತಿದ್ದದ್ದು ಅಡ್ಮಿನ್, ಅಡ್ಮಿನ್ ಎಂದು ಒತ್ತಿ. ಡಬ್ಬಿಯಿಂದ ತೆಗೆದ ದಿನ ಇದ್ದ ಹೆಸರು, ಅದೇ ಪಾಸ್‌ವರ್ಡ್. ಕೈ ಅಭ್ಯಾಸದಲ್ಲಿ ಒತ್ತಿದ್ದೆ, ಅದು ಕೆಲಸ ಮಾಡಿತ್ತು, ಯಾಕೆ ಮಾಡಿತು ಎಂದು ಕೇಳಿಕೊಂಡಿರಲಿಲ್ಲ.

ವೈಫೈ ಪಾಸ್‌ವರ್ಡ್ ಬೇರೆ, ರೌಟರ್‌ನ ಪಾಸ್‌ವರ್ಡ್ ಬೇರೆ. ಮೊದಲನೆಯದು ಗೇಟಿನ ಬೀಗ. ಎರಡನೆಯದು ಸಿಕ್ಕಿದರೆ ಬೀಗವನ್ನೇ ಬದಲಿಸಬಹುದು. ಮನೆಯವರೆಲ್ಲ ಮೊದಲನೆಯದರ ಹಿಂದೆ ಓಡುತ್ತಿದ್ದರು, ನಾನೂ ಸೇರಿ.

ಡಿಎನ್‌ಎಸ್ ಸೆಟ್ಟಿಂಗ್ಸ್ ನೋಡಿದೆ. ವೆಬ್‌ಸೈಟಿನ ಹೆಸರು ಕೊಟ್ಟರೆ ಅದರ ಅಂಕಿ ವಿಳಾಸ ಹೇಳುವವನು ಡಿಎನ್‌ಎಸ್. ಸಾಮಾನ್ಯವಾಗಿ ಅದು ನೆಟ್ ಕೊಡುವ ಕಂಪನಿಯಿಂದ ತಾನಾಗಿ ಬರುತ್ತದೆ. ಇಲ್ಲಿ ಕೈಯಾರೆ ಎರಡು ವಿಳಾಸ ತುಂಬಿತ್ತು. ಕಂಪನಿಯದಲ್ಲ. ಜನ ತಾವಾಗಿ ಹಾಕಿಕೊಳ್ಳುವ ಸಾರ್ವಜನಿಕ ಡಿಎನ್‌ಎಸ್‌ಗಳಾದ 8.8.8.8 ಅಥವಾ 1.1.1.1 ಕೂಡ ಅಲ್ಲ. ಮನೆಯಲ್ಲಿ ಯಾರೂ ಆ ಪುಟ ನೋಡಿಯೇ ಇರಲಿಲ್ಲ.

ಈ ಆಟ ಹಳೆಯದು. ಡಿಎನ್‌ಎಸ್ ಚೇಂಜರ್ ಎಂಬ ದುಷ್ಟ ತಂತ್ರಾಂಶ ಇದನ್ನೇ ಮಾಡುತ್ತಿತ್ತು, ಕಾರ್ಖಾನೆಯ ಪಾಸ್‌ವರ್ಡ್ ಇದ್ದ ರೌಟರ್‌ಗಳನ್ನೂ ಬಿಡುತ್ತಿರಲಿಲ್ಲ. 2011ರ ನವೆಂಬರಿನಲ್ಲಿ ಅಮೆರಿಕದ ಎಫ್‌ಬಿಐ ಅದರ ಜಾಲ ಹಿಡಿದಾಗ ಸುಮಾರು 40 ಲಕ್ಷ ಕಂಪ್ಯೂಟರ್‌ಗಳು ಸಿಕ್ಕಿಬಿದ್ದಿದ್ದವು. ಕಳ್ಳ ಸರ್ವರ್‌ಗಳನ್ನು ಒಮ್ಮೆಗೇ ನಿಲ್ಲಿಸಿದರೆ ಅಷ್ಟೂ ಜನರ ನೆಟ್ ನಿಲ್ಲುತ್ತದೆ ಎಂದು, ಅವುಗಳ ಜಾಗದಲ್ಲಿ ಒಳ್ಳೆಯ ಸರ್ವರ್ ಇಟ್ಟು 2012ರ ಜುಲೈ 9ರವರೆಗೆ ನಡೆಸಬೇಕಾಯಿತು. 2016ರ ಮಿರಾಯ್ ಎಂಬ ದುಷ್ಟ ತಂತ್ರಾಂಶ ಕೂಡ ಕ್ಯಾಮೆರಾ, ರೌಟರ್‌ಗಳಿಗೆ ನುಗ್ಗಿದ್ದು ಸುಮಾರು 60 ಕಾರ್ಖಾನೆ ಪಾಸ್‌ವರ್ಡ್‌ಗಳ ಒಂದು ಪಟ್ಟಿ ಹಿಡಿದು. ಜಾಣತನವೇನೂ ಬೇಕಾಗಿರಲಿಲ್ಲ.

ಈಗ ಎಚ್ಚರಿಕೆಯ ಅರ್ಥ ಸ್ಪಷ್ಟವಾಯಿತು. ಕಳ್ಳ ಡಿಎನ್‌ಎಸ್ ಕೆಲವು ಸೈಟುಗಳಿಗೆ ಮಾತ್ರ ಸುಳ್ಳು ವಿಳಾಸ ಕೊಡುತ್ತಿತ್ತು. ಉಳಿದದ್ದೆಲ್ಲ ಸರಿಯಾಗಿ ತೆರೆಯುತ್ತಿತ್ತು, ಅದಕ್ಕೇ ಅನುಮಾನ ಬರಲಿಲ್ಲ. ಆದರೆ ನಕಲಿ ಸರ್ವರ್ ಹತ್ತಿರ ಆ ಸೈಟಿನ ಹೆಸರಿನ ನಿಜವಾದ ಪ್ರಮಾಣಪತ್ರ ಇರುವುದಿಲ್ಲ. ಬ್ರೌಸರ್ ಅದನ್ನೇ ಕೂಗಿ ಹೇಳುತ್ತಿತ್ತು. ಮಗನ ಬ್ರೌಸರ್ ರೌಟರ್‌ನ ಮಾತು ಕೇಳದೆ ತನ್ನದೇ ಗೂಢಲಿಪಿ ಡಿಎನ್‌ಎಸ್ ಬಳಸುತ್ತಿದ್ದರಿಂದ ಅವನಿಗೆ ಏನೂ ಕಾಣಲಿಲ್ಲ. ಫೋನ್‌ಗಳಲ್ಲಿ ಆ್ಯಪ್ ಸುಮ್ನೆ ತೆರೆಯುತ್ತಿರಲಿಲ್ಲ, ಎಲ್ಲರೂ ನೆಟ್ ಸ್ಲೋ ಎಂದು ಬೈದುಕೊಂಡರು. ಮಗಳು ಒಂದು ಸಣ್ಣ ಸೈಟಿನಲ್ಲಿ ಎರಡು ಸಲ "ಪರವಾಗಿಲ್ಲ, ಮುಂದುವರಿಸು" ಒತ್ತಿದ್ದಳಂತೆ. ಆ ಸೈಟಿನ ಪಾಸ್‌ವರ್ಡ್ ಮತ್ತು ಅದೇ ಪಾಸ್‌ವರ್ಡ್ ಇದ್ದ ಇ-ಮೇಲ್, ಎರಡನ್ನೂ ಮೊಬೈಲ್ ಡೇಟಾದಲ್ಲಿ ತಕ್ಷಣ ಬದಲಿಸಿದೆವು.

ಒಳಗೆ ಬಂದದ್ದು ಹೇಗೆ? ರಿಮೋಟ್ ಮ್ಯಾನೇಜ್‌ಮೆಂಟ್ ಆನ್ ಇತ್ತು. ಅಂದರೆ ರೌಟರ್‌ನ ಪುಟ ಮನೆಯೊಳಗಷ್ಟೇ ಅಲ್ಲ, ಜಗತ್ತಿನ ಎಲ್ಲಿಂದಲಾದರೂ ತೆರೆಯುತ್ತಿತ್ತು. ಹಾಕಿಕೊಟ್ಟವರು ದೂರದಿಂದ ರಿಪೇರಿ ಮಾಡಲು ಅನುಕೂಲ ಎಂದು ಬಿಟ್ಟು ಹೋಗಿರಬೇಕು. ಯಾವ ದಿನ, ಎಲ್ಲಿಂದ ಎಂದು ರೌಟರ್ ಬರೆದಿಡುವ ದಾಖಲೆಯಲ್ಲಿ, ಅಂದರೆ ಲಾಗ್‌ನಲ್ಲಿ, ನೋಡೋಣ ಎಂದರೆ ಅದು ಖಾಲಿ. ನೆಟ್ ಸರಿಯಾಗಲಿ ಎಂದು ಭಾವ ದಿನಾ ರಾತ್ರಿ ರೌಟರ್ ಆಫ್ ಮಾಡಿ ಆನ್ ಮಾಡುತ್ತಿದ್ದರು. ಆ ರೌಟರ್ ಆಫ್ ಆದರೆ ಲಾಗ್ ಅಳಿಸಿಹೋಗುತ್ತದೆ.

ದುರಸ್ತಿಯಲ್ಲಿ ಮುಖ್ಯವಾದದ್ದು ಯಾವುದು ಮೊದಲು, ಯಾವುದು ಆಮೇಲೆ ಎನ್ನುವುದು. ಮೊದಲು ಮೊಬೈಲ್ ಡೇಟಾದಲ್ಲಿ ತಯಾರಕರ ಸೈಟಿನಿಂದ ಹೊಸ ಫರ್ಮ್‌ವೇರ್, ಅಂದರೆ ರೌಟರ್ ಒಳಗಿನ ತಂತ್ರಾಂಶ, ಇಳಿಸಿಕೊಂಡೆ. ಆಮೇಲೆ ಹೊರಗಿನ ಲೈನ್ ಕಿತ್ತೆ. ಪಿನ್ನಿನಿಂದ ರೀಸೆಟ್ ಒತ್ತಿ ಹಿಡಿದು ರೌಟರ್ ಅನ್ನು ಹುಟ್ಟಿದ ದಿನಕ್ಕೆ ಕಳಿಸಿದೆ. ಕೇಬಲ್‌ನಲ್ಲಿ ಲ್ಯಾಪ್‌ಟಾಪ್ ಸೇರಿಸಿ ಫರ್ಮ್‌ವೇರ್ ಹಾಕಿದೆ, ಅಡ್ಮಿನ್ ಪಾಸ್‌ವರ್ಡ್ ಬದಲಿಸಿದೆ, ರಿಮೋಟ್ ಮ್ಯಾನೇಜ್‌ಮೆಂಟ್ ಆಫ್ ಆಗಿದೆ ಎಂದು ಖಾತ್ರಿ ಮಾಡಿಕೊಂಡೆ. ಅದಾದ ಮೇಲೇ ಲೈನ್ ಚುಚ್ಚಿದ್ದು. ಕಾರ್ಖಾನೆ ಪಾಸ್‌ವರ್ಡ್ ಹೊತ್ತ ರೌಟರ್ ಒಂದು ನಿಮಿಷವೂ ಹೊರಜಗತ್ತಿಗೆ ಮುಖ ಮಾಡಿ ನಿಲ್ಲಬಾರದು ಎಂಬುದಷ್ಟೇ ಲೆಕ್ಕ.

ಡಬ್ಲ್ಯುಪಿಎಸ್ ಕೂಡ ಆಫ್ ಮಾಡಿದೆ. ವೈಫೈ ಪಾಸ್‌ವರ್ಡ್ ಬರೆಯದೆ ಒಂದು ಗುಂಡಿ ಅಥವಾ ಪಿನ್‌ನಿಂದ ಸೇರಿಸಿಕೊಳ್ಳುವ ಸೌಲಭ್ಯ ಅದು. ಇದರ ಪಿನ್ ಎಂಟು ಅಂಕಿ. ಕೊನೆಯದು ಉಳಿದವು ಸರಿಯಿವೆಯೇ ಎಂದು ತಾಳೆ ನೋಡುವ ಅಂಕಿ, ಅಷ್ಟೇ. ಉಳಿದ ಏಳನ್ನು ರೌಟರ್ ಒಟ್ಟಿಗೆ ನೋಡದೆ ನಾಲ್ಕು ಮತ್ತು ಮೂರಾಗಿ ಒಡೆದು, ಮೊದಲ ಭಾಗ ತಪ್ಪಾದರೆ ಅಲ್ಲೇ ಹೇಳಿಬಿಡುತ್ತದೆ. ಹಾಗಾಗಿ ಒಂದು ಕೋಟಿ ಆಗಬೇಕಿದ್ದ ಊಹೆ 11,000ಕ್ಕೆ ಇಳಿಯುತ್ತದೆ. ಸ್ಟೀಫನ್ ಫೀಬೊಕ್ ಎಂಬ ಭದ್ರತಾ ಸಂಶೋಧಕರು 2011ರ ಕೊನೆಯಲ್ಲೇ ಇದನ್ನು ತೋರಿಸಿಕೊಟ್ಟರು. ಪಿನ್ ಹೀಗೆ ಬಾಯಿಬಿಟ್ಟರೆ ವೈಫೈ ಪಾಸ್‌ವರ್ಡ್ ಎಷ್ಟೇ ಉದ್ದ ಇದ್ದರೂ ಪ್ರಯೋಜನವಿಲ್ಲ, ರೌಟರೇ ಅದನ್ನು ಕೈಗಿಡುತ್ತದೆ.

ವೈಫೈ ಪಾಸ್‌ವರ್ಡ್ ಆರಿಸಿದ್ದು ಅಜ್ಜಿ. ಕಣ್ಣು ಮುಚ್ಚಿ ನಿಘಂಟು ತೆರೆದು ಐದು ಸಲ ಬೆರಳಿಟ್ಟರು. ಬಂದ ಐದು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಸಾಲಾಗಿ ಬರೆದೆವು. 63 ಅಕ್ಷರದವರೆಗೆ ಜಾಗ ಇದೆ, ಸಂಕೋಚ ಬೇಕಿಲ್ಲ. ನಿಘಂಟಿನಲ್ಲಿ 10 ಸಾವಿರವೇ ಪದ ಎಂದುಕೊಂಡರೂ ಐದು ಪದಕ್ಕೆ 1ರ ಮುಂದೆ 20 ಸೊನ್ನೆಯಷ್ಟು ಸಾಧ್ಯತೆ. ಸೆಕೆಂಡಿಗೆ 10 ಲಕ್ಷ ಊಹೆ ಮಾಡಿದರೂ ಎಲ್ಲ ಮುಗಿಸಲು ಸುಮಾರು 30 ಲಕ್ಷ ವರ್ಷ. ಭಾವನಿಗೆ ಈ ಲೆಕ್ಕ ತುಂಬಾ ಹಿಡಿಸಿತು.

ಗೂಢಲಿಪಿಗೆ ಡಬ್ಲ್ಯುಪಿಎ2 ಮತ್ತು ಡಬ್ಲ್ಯುಪಿಎ3 ಎರಡೂ ನಡೆಯುವ ಮಿಶ್ರ ವಿಧಾನ ಇಟ್ಟೆ. 2018ರಲ್ಲಿ ಬಂದ ಡಬ್ಲ್ಯುಪಿಎ3ಯಲ್ಲಿ ಸಂದೇಶ ಹಿಡಿದುಕೊಂಡು ಹೋಗಿ ಮನೆಯಲ್ಲಿ ಊಹಿಸುವ ದಾರಿ ಮುಚ್ಚಿದೆ, ಪ್ರತಿ ಊಹೆಗೂ ರೌಟರ್ ಎದುರೇ ಬರಬೇಕು. ಪೂರ್ತಿ ಅದನ್ನೇ ಇಡುವ ಆಸೆ ಇತ್ತು, ಬಲ್ಬುಗಳು ಒಪ್ಪಲಿಲ್ಲ. ಮೇಲಿನ ಹಳೆ ಪೆಟ್ಟಿಗೆಗೆ ತಯಾರಕರು ಅಪ್‌ಡೇಟ್ ಕೊಡುವುದನ್ನು ನಿಲ್ಲಿಸಿ ವರ್ಷಗಳಾಗಿದ್ದವು. ಅದಕ್ಕೆ ವಿಶ್ರಾಂತಿ ಕೊಟ್ಟು, ಅದೇ ಕೇಬಲ್‌ಗೆ ಹೊಸ ಆಕ್ಸೆಸ್ ಪಾಯಿಂಟ್ ಹಾಕಿದೆವು.

ಬಲ್ಬು, ಕ್ಯಾಮೆರಾ, ಟಿವಿ ಇವಕ್ಕೆಲ್ಲ ಅತಿಥಿ ನೆಟ್‌ವರ್ಕ್. ಅಲ್ಲಿಂದ ಹೊರಗಿನ ನೆಟ್ ಸಿಗುತ್ತದೆ, ಮನೆಯ ಲ್ಯಾಪ್‌ಟಾಪ್‌ಗಳು ಕಾಣುವುದಿಲ್ಲ. ಉತ್ಸಾಹದಲ್ಲಿ ಪ್ರಿಂಟರ್ ಅನ್ನೂ ಅಲ್ಲಿಗೇ ದೂಡಿದೆ. ಮರುದಿನ ಮಗಳ ಫೋನ್, ಪ್ರಿಂಟ್ ಬರ್ತಿಲ್ಲ ಎಂದು. ಬರುವುದಾದರೂ ಹೇಗೆ, ಎರಡರ ನಡುವೆ ಗೋಡೆ ಕಟ್ಟಿದ್ದು ನಾನೇ. ಪ್ರಿಂಟರ್ ಹಿಂದೆ ಕೇಬಲ್ ಚುಚ್ಚುವ ಜಾಗ ಇತ್ತು, ನೇರ ರೌಟರ್‌ಗೆ ಸೇರಿಸಿದರು. ಮಗನ ಜೊತೆ ಒಂದು ಚೌಕಾಸಿ ನಡೆಯಿತು. ಯುಪಿಎನ್‌ಪಿ ಆಫ್ ಮಾಡಿದ್ದರಿಂದ ಅವನ ಕನ್ಸೋಲ್ ಗೊಣಗಿತು. ಮನೆಯೊಳಗಿನ ಯಾವ ಸಾಮಾನು ಬೇಕಾದರೂ ಯಾರನ್ನೂ ಕೇಳದೆ ಹೊರಗಿನಿಂದ ಬಾಗಿಲು ತೆರೆಸಿಕೊಳ್ಳುವ ಸೌಲಭ್ಯ ಅದು, ನನಗೆ ಇಷ್ಟವಿಲ್ಲ. ಕೊನೆಗೆ ಆ ಆಟಕ್ಕೆ ಬೇಕಾದ ಒಂದೇ ಪೋರ್ಟ್, ಅಂದರೆ ಅಂಥ ಒಂದೇ ಬಾಗಿಲನ್ನು, ಕೈಯಾರೆ ತೆರೆದುಕೊಟ್ಟೆ.

ಪಕ್ಕದ ಮನೆಯ ಹುಡುಗನಿಗೆ ಏನು ಹೇಳುವುದು ಎಂದು ಅಕ್ಕ ಚಡಪಡಿಸುತ್ತಿದ್ದಳು. ಲೈನ್ ಇರುವುದು ಭಾವನ ಹೆಸರಿನಲ್ಲಿ, ಅದರಲ್ಲಿ ಯಾರು ಏನು ಮಾಡಿದರೂ ಮೊದಲು ಕೇಳುವುದು ಅವರನ್ನೇ. ಅಷ್ಟನ್ನು ಹೇಳಿದೆ. ಅಕ್ಕ ಅತಿಥಿ ನೆಟ್‌ವರ್ಕ್‌ನ ಪಾಸ್‌ವರ್ಡ್ ಕೊಟ್ಟಳು, ನಿಮ್ಮ ಲೈನ್ ಕೆಟ್ಟಾಗ ಮಾತ್ರ ಎಂಬ ಮಾತಿನ ಮೇಲೆ. ಟಿವಿ ಕಡ್ಡಿ ತಾನಾಗಿ ಸೇರುವುದನ್ನು ಅವಳೇ ಅವನಿಂದ ತೆಗೆಸಿದಳು.

ಸಾಧನಗಳ ಹಾಳೆಯನ್ನು ಕಪಾಟಿನ ಬಾಗಿಲ ಒಳಗೆ ಅಂಟಿಸಿದ್ದೆವು. ಎರಡು ತಿಂಗಳು ಬಿಟ್ಟು ಹೋದಾಗ ರೌಟರ್ ಪಟ್ಟಿಯಲ್ಲಿ ಗೊತ್ತಿಲ್ಲದ ಒಂದು ಹೆಸರಿತ್ತು. ಹೃದಯ ಒಮ್ಮೆ ಧಸಕ್ ಎಂದಿತು. ಕಪಾಟು ತೆಗೆದು ನೋಡಿದೆ. ಹಾಳೆಯ ಕೊನೆಗೆ ಅಜ್ಜಿಯ ಕೈಬರಹದಲ್ಲಿ ಹೊಸ ಸಾಲು: "17. ತೂಕದ ಯಂತ್ರ. ಅತಿಥಿ."